ತಾರೀಕು ಸರಿಯಿರುವ ಬಿಡಿಭಾಗ: ಹಳೆಯ ಕಾರ್ವೆಟ್‌ಗಳ ಜೀರ್ಣೋದ್ಧಾರದಲ್ಲಿ ಸಾಕ್ಷ್ಯ ಮತ್ತು ಸೋಗು

ಹಳೆಯ ಕಾರೊಂದನ್ನು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಮರಳಿಸುವ ಕೆಲಸದಲ್ಲಿ ಎಂಜಿನ್ ಸರಾಗವಾಗಿ ಓಡುವುದೂ ಮೈಬಣ್ಣ ಹೊಳೆಯುವುದೂ ಮೊದಲ ಹಂತದ ಸಂಗತಿಗಳು. ಪ್ರತಿಯೊಂದು ಬಿಡಿಭಾಗದ ಮೇಲೂ ಆ ವರ್ಷದ, ಆ ತಿಂಗಳ ಗುರುತೇ ಇರಬೇಕೆಂಬ ಹಟ ಅದರ ಮುಂದಿನದು. ಅಮೆರಿಕದ ಷೆವರ್ಲೆ ಸಂಸ್ಥೆ ಮಿಸೌರಿಯ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ತಯಾರಿಸಿದ, 1963ರಿಂದ 1967ರವರೆಗಿನ ಮಾದರಿಗಳಾದ ಕಾರ್ವೆಟ್ ಸ್ಟಿಂಗ್ ರೇ ಕಾರುಗಳ ವಿಷಯದಲ್ಲಿ ಈ ಹಟ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ತನ್ನದೇ ಪರಿಭಾಷೆ, ಕೈಪಿಡಿಗಳು, ಪರೀಕ್ಷಕರು, ಸಂತೆಗಳು ಇರುವ ಈ ಶಾಸ್ತ್ರ ಕೈಗಾರಿಕಾ ಇತಿಹಾಸಕ್ಕೆ ಕೊಟ್ಟ ಕೊಡುಗೆ ದೊಡ್ಡದು. ಆದರೆ ಗುರುತಿಗೆ ಅಂಕ ಕೊಡುವ ಪದ್ಧತಿಯನ್ನು ಕಟ್ಟಿಕೊಂಡದ್ದರಿಂದಲೇ ಗುರುತು ಸಾಕ್ಷ್ಯವಾಗಿ ಉಳಿಯುವುದು ಕಷ್ಟವಾಯಿತೆಂಬುದನ್ನು ಅದರ ಅನುಯಾಯಿಗಳು ಒಪ್ಪಿಕೊಂಡದ್ದು ಕಡಿಮೆ.

ಈ ಗುರುತುಗಳನ್ನು ಓದುವ ಕ್ರಮವನ್ನು ತುಸು ವಿವರವಾಗಿ ನೋಡಬೇಕು. 1966ರ ಕಾರ್ವೆಟ್‌ನ 327 ಘನ ಅಂಗುಲದ ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರುಗಳನ್ನು ಒಳಗೊಂಡ ಎರಕದ ಕಬ್ಬಿಣದ ಮುಖ್ಯ ದೇಹ, ಗೇರ್‌ಬಾಕ್ಸ್ ಸೇರುವ ಹಿಂಬದಿಯ ಅಂಚಿನ ಮೇಲೆ ಎರಡು ಉಬ್ಬುಬರಹಗಳನ್ನು ಹೊತ್ತಿರುತ್ತದೆ: ಒಂದು, ಅಚ್ಚಿನ ವಿನ್ಯಾಸವನ್ನು ಸೂಚಿಸುವ ಏಳಂಕಿಯ ಎರಕದ ಸಂಖ್ಯೆ, ಇನ್ನೊಂದು, ಕಬ್ಬಿಣ ಹೊಯ್ದ ತಾರೀಕು. ತಾರೀಕಿನಲ್ಲಿ ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ, ದಿನಕ್ಕೆ ಅಂಕಿ, ವರ್ಷಕ್ಕೆ ಕೊನೆಯ ಒಂದೇ ಅಂಕಿ ಇರುವುದರಿಂದ ‘ಸಿ 4 6’ ಎಂದರೆ 1966ರ ಮಾರ್ಚ್ 4. ಬ್ಲಾಕಿನ ಮುಂಬದಿಯಲ್ಲಿ, ಪ್ರಯಾಣಿಕನ ಕಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಹೆಬ್ಬೆರಳಗಲದ ಒಂದು ಸಮತಟ್ಟು ಜಾಗವಿದ್ದು ಅದನ್ನು ಸ್ಟ್ಯಾಂಪ್ ಪ್ಯಾಡ್ ಎನ್ನುತ್ತಾರೆ. ಅಲ್ಲಿ ‘ಎಫ್ 0315 ಎಚ್‌ಟಿ’ ಎಂದು ಒತ್ತಿದ್ದರೆ ಎಂಜಿನ್ ಮಿಷಿಗನ್ನಿನ ಫ್ಲಿಂಟ್ ಕಾರ್ಖಾನೆಯಲ್ಲಿ ಮಾರ್ಚ್ 15ರಂದು ಜೋಡಣೆಯಾಯಿತು, ಅದು 350 ಅಶ್ವಶಕ್ತಿಯದು ಎಂದರ್ಥ. ಅದರ ಪಕ್ಕದಲ್ಲಿ ಕಾರಿನ ಕ್ರಮಸಂಖ್ಯೆಯನ್ನು ಸೇಂಟ್ ಲೂಯಿಸಿನಲ್ಲಿ ಬೇರೆಯಾಗಿ ಒತ್ತುತ್ತಿದ್ದರು. ಎರಕ, ಜೋಡಣೆ, ಕಾರಿನ ನಿರ್ಮಾಣ, ಈ ಮೂರು ತಾರೀಕುಗಳು ಇದೇ ಅನುಕ್ರಮದಲ್ಲಿ ಬಂದು, ಕ್ರಮಸಂಖ್ಯೆಯೂ ತಾಳೆಯಾದರೆ ‘ಮ್ಯಾಚಿಂಗ್ ನಂಬರ್ಸ್’ ಎಂಬ ಮಾತು ಹೊರಡುತ್ತದೆ, ಮತ್ತು ಕಾರಿನ ಬೆಲೆ ಆ ಮಾತಿನ ಮೇಲೆ ನಿಲ್ಲುತ್ತದೆ.

ಒಂದೇ ಜನರಲ್ ಮೋಟರ್ಸ್ ಕುಟುಂಬಕ್ಕೆ ಸೇರಿದ್ದರೂ ವಿದ್ಯುತ್ ಸಾಮಗ್ರಿಯ ಡೆಲ್ಕೊ-ರೆಮಿ ವಿಭಾಗ ತಾರೀಕನ್ನು ತಿರುವುಮುರುವಾಗಿ ಬರೆಯುತ್ತಿತ್ತು. ಅದರ ಆಲ್ಟರ್ನೇಟರಿನ ಮೇಲೆ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರುವುದರಿಂದ ‘6ಸಿ9’ ಎಂಬುದು 1966ರ ಮಾರ್ಚ್ 9 ಆಗುತ್ತದೆ. ಗಾಜು ಪೂರೈಸಿದ ಲಿಬ್ಬಿ-ಓವೆನ್ಸ್-ಫೋರ್ಡ್ ಸಂಸ್ಥೆ ತಿಂಗಳಿಗೆ ವರ್ಣಮಾಲೆಯ ಕ್ರಮವನ್ನೇ ಬಿಟ್ಟು, ಜನವರಿಗೆ ಎನ್, ಫೆಬ್ರುವರಿಗೆ ಎಕ್ಸ್ ಎಂಬಂತೆ ತನ್ನದೇ ಗುಟ್ಟಿನ ಸರಣಿಯನ್ನು ಬಳಸಿತು. ಸ್ಪಾರ್ಕ್ ಪ್ಲಗ್ಗಿನ ವೈರುಗಳ ಮೇಲೆ ವರ್ಷದ ಯಾವ ತ್ರೈಮಾಸಿಕದಲ್ಲಿ ತಯಾರಾದದ್ದೆಂದು ಮುದ್ರೆಯಿದ್ದರೆ, ಬೋಲ್ಟಿನ ತಲೆಯ ಮೇಲೆ ‘ಟಿಆರ್’, ‘ಆರ್‌ಬಿಡಬ್ಲ್ಯು’ ಮುಂತಾದ ತಯಾರಕರ ಅಕ್ಷರಗಳಿವೆ. ಇವುಗಳಲ್ಲಿ ಯಾವುದನ್ನೂ ಕಾರು ಕೊಳ್ಳುವವನಿಗೆಂದು ಹಾಕಿದ್ದಲ್ಲ. ದೋಷವಿರುವ ಸರಕು ಯಾವ ಪಾಳಿಯದು, ಯಾವ ರಾಶಿಯದು ಎಂದು ಪತ್ತೆ ಹಚ್ಚಲು ಕಾರ್ಖಾನೆ ತನಗಾಗಿ ಬರೆದುಕೊಂಡ ಟಿಪ್ಪಣಿಗಳಿವು. ಯಾರನ್ನೂ ಮೆಚ್ಚಿಸುವ ಉದ್ದೇಶವಿರಲಿಲ್ಲವೆಂಬ ಕಾರಣಕ್ಕೇ ಅವುಗಳ ಮಾತು ನಂಬಲರ್ಹವಾಗಿತ್ತು.

ಆ ಸ್ಥಿತಿಯನ್ನು ಬದಲಿಸಿದ್ದು ಪರೀಕ್ಷೆಯ ಪದ್ಧತಿ. 1974ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ (ಎನ್‌ಸಿಆರ್‌ಎಸ್) ಕಾರುಗಳನ್ನು ಸುಮಾರು 4,500 ಅಂಕಗಳ ಪಟ್ಟಿಗೆ ಹೋಲಿಸಿ ಅಳೆಯುತ್ತದೆ. ಶೇ 94ಕ್ಕೆ ಮುಟ್ಟಿದ ಕಾರಿಗೆ ‘ಟಾಪ್ ಫ್ಲೈಟ್’ ಪ್ರಶಸ್ತಿ ಸಲ್ಲುತ್ತದೆ. ಬಿಡಿಭಾಗದ ತಾರೀಕು ಕಾರು ತಯಾರಾದ ದಿನಕ್ಕಿಂತ ಹಿಂದಿನದಾಗಿರಬೇಕು, ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹಿಂದೆ ಹೋಗಬಾರದು ಎಂಬುದು ಬಳಕೆಯ ನಿಯಮ. ಈ ಪದ್ಧತಿಯ ಹಿಂದೆ ಅಪಾರ ಶ್ರಮವಿದೆ. ಕೈತಾಗದೆ ಉಳಿದ ಕಾರುಗಳನ್ನು ಹುಡುಕಿ, ಒಂದೊಂದು ಕ್ಲಿಪ್ಪು, ಒಂದೊಂದು ಬಣ್ಣದ ಚುಕ್ಕೆಯನ್ನೂ ದಾಖಲಿಸಿ ಹವ್ಯಾಸಿಗಳು ಕಟ್ಟಿದ ಕೈಪಿಡಿಗಳು ಒಂದು ಕಾರ್ಖಾನೆಯ ದಿನಚರಿಯನ್ನು ಅಪರೂಪದ ಸೂಕ್ಷ್ಮತೆಯಿಂದ ಉಳಿಸಿವೆ. ಆದರೆ ಸಂಸ್ಥೆ ಅಳೆಯುವುದು ಆ ಕಾರು ಆ ಕಾಲದ ಸಾಮಾನ್ಯ ಉತ್ಪಾದನೆಯಂತೆ ಕಾಣುತ್ತದೆಯೇ ಎಂಬುದನ್ನು. ಅದೇ ಎಂಜಿನ್ ಆ ಕಾರಿನೊಂದಿಗೇ ಹುಟ್ಟಿತೇ ಎಂಬುದನ್ನು ಅದು ದೃಢೀಕರಿಸುವುದಿಲ್ಲ. ಕಾಣುವುದಕ್ಕೂ ಇರುವುದಕ್ಕೂ ನಡುವಿನ ಈ ಸಂದಿನಲ್ಲಿ ಇಡೀ ವ್ಯಾಪಾರ ನೆಲೆಸಿದೆ.

ಮೊದಲು ಪ್ರಾಮಾಣಿಕವಾದ ಹುಡುಕಾಟವನ್ನೇ ತೆಗೆದುಕೊಳ್ಳಬಹುದು. ಪೆನ್ಸಿಲ್ವೇನಿಯಾದ ಹರ್ಷಿ ಮತ್ತು ಕಾರ್ಲೈಲ್‌ಗಳಲ್ಲಿ ನಡೆಯುವ ಬಿಡಿಭಾಗಗಳ ಸಂತೆಗಳಲ್ಲಿ ಮಾರಾಟವಾಗದೆ ಡಬ್ಬಿಯಲ್ಲೇ ಉಳಿದ ಹಳೆಯ ದಾಸ್ತಾನೂ ಕಳಚಿ ತಂದ ಸರಕೂ ಒಟ್ಟಿಗೆ ಬಿಕರಿಯಾಗುತ್ತವೆ. 1966ರಲ್ಲಿ ತಯಾರಾದ ಕಾರ್ವೆಟ್‌ಗಳು 27,720 ಮಾತ್ರ. ಡಬ್ಬಿಯಲ್ಲಿ ಉಳಿದ ಸರಕಿನ ಮೇಲೆ ಬಹುಪಾಲು ಕಾರಿನ ನಂತರದ ತಾರೀಕೇ ಇರುತ್ತದೆ, ಏಕೆಂದರೆ ಅದು ರಿಪೇರಿಗೆಂದು ತಯಾರಾದದ್ದು. ಹಾಗಾಗಿ ಸರಿಯಾದ ತಾರೀಕಿನ ಭಾಗ ಬೇಕೆಂದರೆ ಅದೇ ವಸಂತದಲ್ಲಿ ತಯಾರಾದ ಇನ್ನೊಂದು ಕಾರನ್ನೇ, ಎಷ್ಟೋ ಸಲ ಯಾರೂ ಬಯಸದ ಸಾಧಾರಣ ಷೆವರ್ಲೆ ಸೆಡಾನನ್ನು, ಕಳಚಬೇಕಾಗುತ್ತದೆ. ಒಂದು ಕಾರಿನ ಪೂರ್ಣತೆಗೆ ಇನ್ನೊಂದು ಕಾರು ತನ್ನ ಇತಿಹಾಸವನ್ನು ತೆರಬೇಕಾದ ಈ ವಿನಿಮಯವನ್ನು ಸಂರಕ್ಷಣೆ ಎಂದು ಕರೆಯುವುದು ಕಷ್ಟ. ಹೀಗೆ ತಂದು ಕೂರಿಸಿದ ಆಲ್ಟರ್ನೇಟರ್ ಬಿಡಿಯಾಗಿ ನೋಡಿದರೆ ಅಪ್ಪಟವಾದರೂ, ಕಾರಿನ ಮೇಲೆ ಕೂತ ಕ್ಷಣದಿಂದ ತಾನು ಮೊದಲಿನಿಂದ ಅಲ್ಲೇ ಇದ್ದೆನೆಂದು ಸುಳ್ಳು ಹೇಳತೊಡಗುತ್ತದೆ. ಅದು ಎಲ್ಲಿಂದ ಬಂತೆಂದು ಕಡತದಲ್ಲಿ ಬರೆದಿಟ್ಟಾಗ ಮಾತ್ರ ಆ ಸುಳ್ಳು ನಿಲ್ಲುತ್ತದೆ.

ಸ್ಟ್ಯಾಂಪ್ ಪ್ಯಾಡಿನ ವಿಷಯ ಇದಕ್ಕಿಂತ ಗಂಭೀರ. ಬ್ಲಾಕಿನ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಬ್ರೋಚ್ ಎಂಬ ಹಲ್ಲುಸಾಲಿನ ಕತ್ತರಿಸುವ ಯಂತ್ರದಿಂದ ಒಂದೇ ಎಳೆತಕ್ಕೆ ಹದ ಮಾಡುತ್ತಿದ್ದುದರಿಂದ ಪ್ಯಾಡಿನ ಮೇಲೆ ಉದ್ದಕ್ಕೂ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಉಳಿದಿರುತ್ತವೆ. ಎಂಜಿನ್ ಓವರ್‌ಹಾಲ್ ಮಾಡುವಾಗ ಮೇಲ್ಮೈಯನ್ನು ಮಟ್ಟಸ ಮಾಡಲು ಹೆರೆದರೆ ಗೆರೆಗಳ ಜೊತೆಗೆ ಅಕ್ಷರಗಳೂ ಅಳಿಸಿಹೋಗುತ್ತವೆ. ಹಾಗಾಗಿ ಗುರುತಿಲ್ಲದ ಪ್ಯಾಡ್ ಅಪರಾಧದ ಲಕ್ಷಣವಲ್ಲ, ಎಂಜಿನ್ ದುಡಿದದ್ದರ ಲಕ್ಷಣ. ಆದರೆ ಅಂಕಪಟ್ಟಿ ಖಾಲಿ ಪ್ಯಾಡನ್ನು ಸಹಿಸದ ಕಾರಣ, ಕಾರ್ವೆಟ್‌ನ ಅದೇ ಎರಕವನ್ನು ಸೆಡಾನುಗಳಿಗೂ ಬಳಸಿದ್ದ ಕಾರಣ, ತಾರೀಕು ಹೊಂದುವ ಬ್ಲಾಕೊಂದನ್ನು ತಂದು ಬೇಕಾದ ಅಕ್ಷರಗಳನ್ನು ಹೊಸದಾಗಿ ಒತ್ತುವ ಕಸುಬು ಹುಟ್ಟಿತು. ಅದನ್ನು ಹಿಡಿಯಲು ಪರೀಕ್ಷಕರು ಅಕ್ಷರದ ಆಕಾರ, ಸಾಲಿನ ಓರೆ, ಒತ್ತಿನ ಆಳ, ಗೆರೆಗಳ ದಿಕ್ಕು ಇವನ್ನೆಲ್ಲ ಭೂತಗನ್ನಡಿಯಲ್ಲಿ ನೋಡತೊಡಗಿದರೆ, ಒತ್ತುವವರು ಹಳೆಯ ಆಕಾರದ ಅಚ್ಚುಗಳನ್ನೂ ಕೃತಕ ಗೆರೆಗಳನ್ನೂ ಕಲಿತುಕೊಂಡರು.

ಕರ್ನಾಟಕದ ಶಾಸನಾಧ್ಯಯನಕ್ಕೆ ಈ ಜಗಳ ಹೊಸದಲ್ಲ. ತಲಕಾಡಿನ ಗಂಗರ ಅನೇಕ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು, ಅಂದರೆ ಹಿಂದಿನ ಕಾಲದ ಹೆಸರಿನಲ್ಲಿ ಆಮೇಲೆ ಸೃಷ್ಟಿಸಿದವೆಂದು, ತಳ್ಳಿಹಾಕಿದಾಗ ಬಿ. ಎಲ್. ರೈಸ್ ಅವುಗಳ ಪರ ವಾದಿಸಿದ್ದರು. ಲಿಪಿಯ ವಯಸ್ಸು ಹೇಳಿಕೊಂಡ ತಾರೀಕಿಗೆ ಹೊಂದುತ್ತದೆಯೇ ಎಂಬುದೇ ಅಲ್ಲಿಯೂ ಮುಖ್ಯ ಒರೆಗಲ್ಲಾಗಿತ್ತು. ಆದರೆ ಒಂದು ಅಂತರವನ್ನು ಮರೆಯುವಂತಿಲ್ಲ. ಕೂಟಶಾಸನ ಬರೆದವನ ಕೈಯಲ್ಲಿ ಲಿಪಿಶಾಸ್ತ್ರದ ಕೈಪಿಡಿ ಇರಲಿಲ್ಲವಾದ್ದರಿಂದ ಅವನು ತನ್ನ ಕಾಲದ ಅಕ್ಷರವನ್ನು ಬರೆದು ಸಿಕ್ಕಿಬಿದ್ದ. ಕಾರ್ವೆಟ್‌ನ ಬ್ಲಾಕಿಗೆ ಅಚ್ಚೊತ್ತುವವನ ಮುಂದೆ ಪರೀಕ್ಷಕರದೇ ಕೈಪಿಡಿ ತೆರೆದಿರುತ್ತದೆ. ಪ್ರತಿ ಹೊಸ ಸಂಶೋಧನೆಯೂ ಮುಂದಿನ ಸೋಗಿಗೆ ಪಾಠವಾಗುವ ಈ ವಿಷಚಕ್ರಕ್ಕೆ ಸಂಶೋಧನೆಯನ್ನು ದೂರುವಂತಿಲ್ಲ. ದೂರಬೇಕಾದದ್ದು ಗುರುತಿದ್ದರೆ ಅಂಕ, ಇಲ್ಲದಿದ್ದರೆ ಕಡಿತ ಎಂಬ ಲೆಕ್ಕಾಚಾರವನ್ನು.

ಮೂರನೆಯ ದಾರಿ ಹೊಸದಾಗಿ ತಯಾರಿಸಿದ ಪ್ರತಿಕೃತಿಯದು. ಮಧ್ಯದಲ್ಲಿ ತ್ರಿಕೋನವೂ ಅದರೊಳಗೆ ‘ಟಿ-3’ ಬರಹವೂ ಇರುವ ಹೆಡ್‌ಲ್ಯಾಂಪು, ಮುದ್ರೆಯಿರುವ ಹೋಸ್ ಪೈಪು ಮುಂತಾದವು ಮತ್ತೆ ತಯಾರಾಗುತ್ತಿವೆ. ಇಂಥ ಸರಕಿಗೆ ಜನರಲ್ ಮೋಟರ್ಸ್ ಪರವಾನಗಿಯನ್ನೂ ಕೊಡುತ್ತದೆ. ಇದರಲ್ಲಿ ತಪ್ಪು ಹುಡುಕುವುದು ಅತಿಯಾದೀತು, ಏಕೆಂದರೆ ಒಡೆದ ದೀಪ, ಸೀಳಿದ ಪೈಪು ಬದಲಾಗಲೇಬೇಕು. ಹೊಸ ಗಾಜಿನ ಮೇಲೆ ಗಿರಾಕಿ ಕೇಳಿದ ತಿಂಗಳ ಗುರುತನ್ನು ಕೆತ್ತಿಕೊಡುವ, ಕೇಳಿದ ತ್ರೈಮಾಸಿಕದ ವೈರನ್ನು ಮುದ್ರಿಸಿಕೊಡುವ ಸೇವೆ ಮಾತ್ರ ಬೇರೆ ಜಾತಿಯದು. ತಯಾರಕನ ಹೆಸರಿನ ಮುದ್ರೆ ವಸ್ತುವಿನ ರೂಪಕ್ಕೆ ಸೇರಿದ್ದು. ತಾರೀಕು ಒಂದು ಹೇಳಿಕೆ, ಮತ್ತು ಇಲ್ಲಿ ಆ ಹೇಳಿಕೆ ಬೇಡಿಕೆಯ ಮೇಲೆ ಸಿಗುತ್ತದೆ.

ಕಟ್ಟಡಗಳ ಸಂರಕ್ಷಣೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. 1964ರ ವೆನಿಸ್ ಸನ್ನದಿನ 12ನೆಯ ವಿಧಿಯ ಪ್ರಕಾರ, ಕಳೆದುಹೋದ ಭಾಗದ ಬದಲಿಗೆ ಸೇರಿಸಿದ್ದು ಒಟ್ಟಂದದಲ್ಲಿ ಬೆರೆಯಬೇಕು, ಆದರೆ ಮೂಲದಿಂದ ಪ್ರತ್ಯೇಕವಾಗಿ ಗುರುತಿಸುವಂತೆಯೂ ಇರಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇದೇ ದಾರಿ ಹಿಡಿದಿದೆ. ಕಾರನ್ನು ದೇಗುಲದಂತೆ ನೋಡಲಾಗದು, ಅದು ಓಡುವ ಯಂತ್ರ, ಸಾವಿರಗಟ್ಟಲೆ ತಯಾರಾದದ್ದು ಎಂಬ ಆಕ್ಷೇಪಕ್ಕೆ ಬಲವಿದೆ. ಬೋಲ್ಟಿಗೆ ಬೋಲ್ಟು ಸಮನಾಗಿರುವಲ್ಲಿ ಪ್ರತ್ಯೇಕತೆಯ ಮಾತು ನಗೆಪಾಟಲಾಗಬಹುದು. ಆದರೆ ತಾರೀಕಿನ ಗುರುತಿಗೆ ಇಷ್ಟು ಬೆಲೆ ಬಂದದ್ದು ಆ ಸಾವಿರಗಳಲ್ಲಿ ಒಂದನ್ನು ಉಳಿದವುಗಳಿಂದ ಬೇರ್ಪಡಿಸಲೆಂದೇ ಆಗಿರುವಾಗ, ಸಾಮೂಹಿಕ ಉತ್ಪಾದನೆಯ ನೆಪ ಇಲ್ಲಿ ನಿಲ್ಲುವುದಿಲ್ಲ.

ಪರಿಹಾರ ತಾಂತ್ರಿಕವಾಗಿ ಸುಲಭ. ಎನ್‌ಸಿಆರ್‌ಎಸ್ ಪರೀಕ್ಷಕರು ಕಾರನ್ನು ಬಿಚ್ಚಿ ನೋಡುವುದಿಲ್ಲವಾದ್ದರಿಂದ, ಗಾಜಿನ ರಬ್ಬರ್ ಪಟ್ಟಿಯಡಿಯ ಅಂಚಿನಲ್ಲೋ ಆಲ್ಟರ್ನೇಟರಿನ ಒಳಮೈಯಲ್ಲೋ ನಿಜವಾದ ತಯಾರಿಕೆಯ ವರ್ಷವನ್ನು ಕೆತ್ತಿದರೆ ಒಂದಂಕವೂ ಕಳೆಯದು. ಖಾಲಿ ಪ್ಯಾಡನ್ನು ಖಾಲಿಯಾಗಿಯೇ ಒಪ್ಪಿ, ಬದಲಾದ ಭಾಗಗಳ ಮೂಲವನ್ನು ಹೇಳುವ ಕಡತಕ್ಕೆ ಕಡಿತದಷ್ಟೇ ಅಂಕ ಮರಳಿಸುವುದು ಇನ್ನೊಂದು ಹೆಜ್ಜೆ. ಅದನ್ನು ಇಡಬೇಕಾದವರು ಮಾರಾಟಗಾರರಲ್ಲ, ಅಂಕಪಟ್ಟಿ ಬರೆಯುವವರು.