ಸೀಸೆಯ ಮೇಲಿನ ಶೇಕಡಾ 2000

ಅರಿಶಿನದ ಕ್ಯಾಪ್ಸೂಲ್ ಮಾರುವವರು ಮತ್ತೆ ಮತ್ತೆ ಎತ್ತಿ ತೋರಿಸುವ ಅಂಕಿಯೊಂದಿದೆ: ಕರಿಮೆಣಸಿನ ಪೈಪರಿನ್ ಸೇರಿದರೆ ಅರಿಶಿನದಲ್ಲಿರುವ ಕುರ್ಕುಮಿನ್ ಶೇ 2000ರಷ್ಟು ಹೆಚ್ಚು ಮೈಗೆ ಹತ್ತುತ್ತದೆ. ಈ ಅಂಕಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಹೊರಬಂದ ಅಧ್ಯಯನ ಅದರ ಮೂಲ. ಅಧ್ಯಯನದಲ್ಲಿ ನನಗೆ ದೋಷ ಕಾಣುವುದಿಲ್ಲ. ಆರೋಗ್ಯವಂತರಿಗೆ 2 ಗ್ರಾಂ ಕುರ್ಕುಮಿನ್ ಕೊಟ್ಟರೂ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟೇ. 20 ಮಿಲಿಗ್ರಾಂ ಪೈಪರಿನ್ ಜೊತೆಗೂಡಿದಾಗ ಎದ್ದು ಕಂಡಿತು. ಮೊದಲ ಅಳತೆ ಅಷ್ಟು ಕಡಿಮೆಯಿದ್ದರೆ ಸಣ್ಣ ಏರಿಕೆಯೂ ಶೇಕಡಾ ಲೆಕ್ಕದಲ್ಲಿ ಉಬ್ಬುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ.

ಅವರು ಹೇಳದ ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಲಿವರ್ ಮತ್ತು ಕರುಳಿನ ಕಿಣ್ವಗಳು ಹೊರಗಿನಿಂದ ಬಂದ ವಸ್ತುಗಳನ್ನು ಬದಲಿಸಿ ಸಾಗಹಾಕುತ್ತವೆ. ಪೈಪರಿನ್ ಅವುಗಳ ಕೈ ಕಟ್ಟುತ್ತದೆ. ಕ್ಯಾನ್ಸರ್ ಮಾತ್ರೆಗಳಲ್ಲಿ ಹಲವು ಇದೇ ಕಿಣ್ವಗಳನ್ನು ನೆಚ್ಚಿಕೊಂಡಿವೆ. ಸ್ತನ ಕ್ಯಾನ್ಸರ್‌ಗೆ ಐದು, ಕೆಲವರು ಹತ್ತು ವರ್ಷ ನುಂಗುವ ಟ್ಯಾಮಾಕ್ಸಿಫೆನ್ನನ್ನೇ ನೋಡಿ. ಲಿವರ್ ಅದನ್ನು ಎಂಡಾಕ್ಸಿಫೆನ್ ಆಗಿ ಮಾರ್ಪಡಿಸಿದ ಮೇಲೆಯೇ ಅದಕ್ಕೆ ನಿಜವಾದ ಬಲ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಟ್ಯಾಮಾಕ್ಸಿಫೆನ್-ಕುರ್ಕುಮಿನ್ ಜೋಡಿಯನ್ನು 16 ರೋಗಿಗಳಲ್ಲಿ ಅಳೆದು, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುರ್ಕುಮಿನ್ ಮಾತ್ರ ಕೊಟ್ಟಾಗ ಎಂಡಾಕ್ಸಿಫೆನ್ ಸುಮಾರು ಶೇ 8ರಷ್ಟು ಇಳಿಯಿತು, ಪೈಪರಿನ್ ಸೇರಿಸಿದಾಗ ಸುಮಾರು ಶೇ 12ರಷ್ಟು. ಇಷ್ಟು ಕಿರಿದಾದ ಅಧ್ಯಯನದಿಂದ ಕಾಯಿಲೆ ಮರುಕಳಿಸುತ್ತದೆಂದು ತೀರ್ಮಾನಿಸಲಾಗದು. ಆದರೆ ಎಂಡಾಕ್ಸಿಫೆನ್ ಮೊದಲೇ ಅಂಚಿನಲ್ಲಿರುವ ಹೆಂಗಸಿಗೆ ಆ ಇಳಿಕೆ ಸಣ್ಣದಲ್ಲ.

ಸಾರಿಗೆ ಹಾಕುವ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ರಾಟರ್‌ಡ್ಯಾಮ್ ಅಧ್ಯಯನದಲ್ಲಿ ದಿನಕ್ಕೆ ಕೊಟ್ಟ ಕುರ್ಕುಮಿನ್ 3.6 ಗ್ರಾಂ, ಅರಿಶಿನಪುಡಿಯಲ್ಲಿ ಅದಿರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. ಅಷ್ಟು ಕುರ್ಕುಮಿನ್ ಬೇಕೆಂದರೆ ದಿನಕ್ಕೆ ನೂರು ಗ್ರಾಂ ಮೀರಿ ಪುಡಿ ತಿನ್ನಬೇಕು.

"ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ" ಎನ್ನುವ ಮಾತನ್ನು ನಾನು ಒಪ್ಪಲಾರೆ. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್‌ನಿಂದಲೇ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಇರಿನೊಟೆಕಾನ್ ತಯಾರಾಗುತ್ತದೆ. ಯುರೋಪಿನ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಅದೇ ಇರಿನೊಟೆಕಾನ್‌ನ ಸಕ್ರಿಯ ರೂಪವನ್ನು ರಕ್ತದಲ್ಲಿ ಶೇ 42ರಷ್ಟು ತಗ್ಗಿಸಿದ್ದು 2002ರಲ್ಲೇ ವರದಿಯಾಗಿದೆ. ಗಿಡಕ್ಕೆ ಶಕ್ತಿಯಿದೆ ಎಂದು ನಂಬುವವರು, ಆ ಶಕ್ತಿ ಕೆಡಿಸಲೂಬಹುದೆಂದು ಯಾಕೆ ನಂಬುವುದಿಲ್ಲ?

ಆದರೆ ಇಂಥವನ್ನು ಡಾಕ್ಟರಿಗೆ ಹೇಳದೆ ನುಂಗುವ ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುವುದು ಅನ್ಯಾಯ. "ಬೇರೆ ಏನಾದರೂ ತಗೋತಿದ್ದೀರಾ?" ಎಂದು ಡಾಕ್ಟರು ಗದರುವ ದನಿಯಲ್ಲಿ ಕೇಳಿದರೆ "ಇಲ್ಲ ಸಾರ್" ಎಂಬ ಉತ್ತರವೇ ಬರುತ್ತದೆ. ಕಷಾಯವನ್ನು ಔಷಧವೆಂದು ಲೆಕ್ಕಕ್ಕೇ ಹಿಡಿಯದವರು ಸುಳ್ಳು ಹೇಳುತ್ತಿಲ್ಲ. ಅಮೃತಬಳ್ಳಿ, ಅಶ್ವಗಂಧ, ಅರಿಶಿನದ ಮಾತ್ರೆ ಎಂದು ಹೆಸರು ಹಿಡಿದು, ಸಮಾಧಾನದಿಂದ ಕೇಳಬೇಕು. ಮನೆಯಲ್ಲಿರುವ ಸೀಸೆಗಳನ್ನು ಮುಂದಿನ ಸಲ ತರಲು ಹೇಳಬೇಕು. ಕೀಮೋ ಶುರುವಾಗುವ ಮುಂಚೆಯೇ ಇದು ನಡೆಯಬೇಕು.