ಅರಾಜಕ ಲೋಕದ ಕಥೆ: ಒಂದು ವಿಮರ್ಶೆ

ವೈಜ್ಞಾನಿಕ ಕಾದಂಬರಿಕಾರರು ಅಪರಾಧದ ಕಥೆಯನ್ನು ಅನ್ಯಗ್ರಹಕ್ಕೆ ಸಾಗಿಸಿದಾಗ ಆ ಗ್ರಹವು ಅನೇಕ ವೇಳೆ ಅರಾಜಕವಾಗಿರುತ್ತದೆ. ಅಲ್ಲಿ ದೊರೆಯಿಲ್ಲ, ನ್ಯಾಯಸ್ಥಾನವಿಲ್ಲ. ಬಲವುಳ್ಳವನ ಮಾತೇ ಕಟ್ಟಳೆ. ನಮ್ಮ ವಿದ್ಯಾರ್ಥಿಗಳು ಇದನ್ನು ಹೊಸ ಕಲ್ಪನೆಯೆಂದು ತಿಳಿಯುವುದುಂಟು. ಆದರೆ ಇಂಥ ಲೋಕವೊಂದನ್ನು ಇಂಗ್ಲಿಷ್ ವಾಚಕರು ಬಹು ಹಿಂದೆಯೇ ಕಂಡಿದ್ದರು. ಅದು ಅವರಿಗೆ ದೊರೆತದ್ದು ಹಿಂದೂಸ್ಥಾನದ ಹೆದ್ದಾರಿಗಳಲ್ಲಿ.

ಫಿಲಿಪ್ ಮೆಡೋಸ್ ಟೇಲರನ 'ಕನ್‌ಫೆಷನ್ಸ್ ಆಫ್ ಎ ಥಗ್' 1839ರಲ್ಲಿ ಪ್ರಕಟವಾಯಿತು. ಟೇಲರನು ನಿಜಾಮನ ಸೇವೆಯಲ್ಲಿದ್ದವನು. ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ವಹಿಸಿಕೊಂಡು ಕನ್ನಡ ನಾಡಿಗೆ ಪರಿಚಿತನಾದವನು. ಕಾದಂಬರಿಯ ಅಮೀರ್ ಅಲಿ ಸೆರೆಯಲ್ಲಿ ಕುಳಿತು ತನ್ನ ಕೊಲೆಗಳ ವೃತ್ತಾಂತವನ್ನು ಸಾಹೇಬನೊಬ್ಬನಿಗೆ ಹೇಳುತ್ತಾನೆ. ಅವನ ತಂದೆತಾಯಿಯರನ್ನು ಕೊಂದ ತಂಡದ ನಾಯಕನೇ ಅವನನ್ನು ಮಗನಂತೆ ಸಾಕಿದ್ದಾನೆ. ತನ್ನ ತಂಡದ ಕೈಯಲ್ಲಿ ಸತ್ತವಳು ತನ್ನ ಒಡಹುಟ್ಟಿದವಳೆಂಬುದು ಅವನಿಗೆ ತಿಳಿಯುವಾಗ ಕಾಲ ಮಿಂಚಿರುತ್ತದೆ. ಈ ದುರಂತದ ಹೆಣಿಗೆಯೇ ಕೃತಿಯ ಹಿರಿಮೆ. ಅಪರಾಧಿಯನ್ನು ಬರಿಯ ರಾಕ್ಷಸನನ್ನಾಗಿ ಚಿತ್ರಿಸದಿರುವುದು ಟೇಲರನ ಕಲಾಶಕ್ತಿಗೆ ಸಾಕ್ಷಿ.

ಆದರೂ ಇತಿಹಾಸಕಾರನು ಇಲ್ಲಿ ಎಚ್ಚರದಿಂದಿರಬೇಕು. 1836ರ 30ನೆಯ ಕಾಯಿದೆಯ ಪ್ರಕಾರ ಒಬ್ಬನು ಠಗರ ತಂಡಕ್ಕೆ ಸೇರಿದವನೆಂದು ಸಿದ್ಧವಾದರೆ ಸಾಕು, ಜೀವಾವಧಿ ಸೆರೆವಾಸ. ಇಂಥ ಕೊಲೆಯನ್ನೇ ಮಾಡಿದನೆಂದು ತೋರಿಸಬೇಕಾಗಿರಲಿಲ್ಲ. ಮೊಕದ್ದಮೆಗಳಿಗೆ ಮುಖ್ಯ ಆಧಾರ ಮಾಫಿ ಸಾಕ್ಷಿಗಳ ಹೇಳಿಕೆ. ಕಾದಂಬರಿಯ ರೂಪವೂ ಅದೇ ಹೇಳಿಕೆಯ ರೂಪ. ಕಥೆಯ ರುಚಿಗೆ ಮನಸೋತ ವಾಚಕನು ಅರಿಯದೆಯೇ ಆ ಕಾಯಿದೆಯ ಆಧಾರವನ್ನೂ ಒಪ್ಪಿಬಿಡುತ್ತಾನೆ. ಹಾದಿಯಲ್ಲಿ ಕೊಲೆ ಸುಲಿಗೆಗಳು ನಡೆದದ್ದು ನಿಜ. ಅವೆಲ್ಲವೂ ಒಂದೇ ಗುಪ್ತಪಂಥದ ಕೃತ್ಯಗಳೆಂಬುದನ್ನು ಇತ್ತೀಚಿನ ಅನೇಕ ಸಂಶೋಧಕರು ಒಪ್ಪಿಲ್ಲ.

ರಾಬರ್ಟ್ ಹೈನ್‌ಲೈನ್‌ನ 'ದಿ ಮೂನ್ ಈಸ್ ಎ ಹಾರ್ಷ್ ಮಿಸ್ಟ್ರೆಸ್' (1966) ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಚಂದ್ರಲೋಕವೇ ಬಂದೀಖಾನೆ. ಬರೆದಿಟ್ಟ ಕಾನೂನು ಇಲ್ಲವೆನ್ನುವಷ್ಟು ಕಡಿಮೆ. ಕೈದಿಗಳ ಸಂತತಿ ರೂಢಿಯಿಂದ ಬದುಕುತ್ತದೆ. ಕಥಾನಾಯಕನನ್ನೇ ನ್ಯಾಯಾಧೀಶನಾಗಿ ಕೂರಿಸಿ ಭೂಮಿಯಿಂದ ಬಂದವನೊಬ್ಬನ ವಿಚಾರಣೆ ನಡೆಸುವ ಪ್ರಸಂಗವೊಂದಿದೆ. ಕಾನೂನಿಲ್ಲದ ಕಡೆ ಕಟ್ಟಳೆಯೂ ಇಲ್ಲವೆಂಬ ಭ್ರಮೆಯನ್ನು ಅದು ಮುರಿಯುತ್ತದೆ. ಈ ಒಂದು ವಿಷಯದಲ್ಲಿ ಹೈನ್‌ಲೈನ್ ಟೇಲರನಿಗಿಂತ ಉತ್ತಮ ಇತಿಹಾಸಕಾರ.

ನಮ್ಮ ಸೀಮೆಯ ಮಟ್ಟಿಗೆ ಈ ವಿವೇಚನೆ ಅನಗತ್ಯವಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಯಲಬುರ್ಗಾ ಸೀಮೆಯ ಮಂಗಳೂರಿಗೆ ದೂರವಲ್ಲದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅದನ್ನು ಕಟ್ಟಿಸಿದ ದಂಡನಾಯಕನ ಒಡೆಯ ಆರನೆಯ ವಿಕ್ರಮಾದಿತ್ಯ. ಆ ದೊರೆಯ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು 'ಮಿತಾಕ್ಷರ'ವನ್ನು ರಚಿಸಿದನು. ಇಂಥ ನೆಲವನ್ನು ಹೊರಗಿನವನೊಬ್ಬನು ಅರಾಜಕವೆಂದು ಕರೆದಾಗ, ಆ ಮಾತಿನ ಬೆನ್ನಿಗೆ ಯಾವ ಕಾಯಿದೆ ಬರಲಿದೆಯೆಂದು ಕೇಳುವುದು ನಮ್ಮ ಕರ್ತವ್ಯ. ಗ್ರಹ ಯಾವುದೇ ಇರಲಿ, ಪ್ರಶ್ನೆ ಅದೇ.