ವಾಗ್ಮಿಯೂ ವಾಚಾಲನೂ: ಚುನಾವಣಾ ಭಾಷಣದ ವಿಮರ್ಶೆ

ಮಾತನಾಡಬಲ್ಲವನಿಗೆ ಪಾಣಿನಿಯು ಒಂದೇ ಹೆಸರನ್ನು ಕೊಟ್ಟು ಸುಮ್ಮನಾಗಲಿಲ್ಲ. ಒಳ್ಳೆಯ ಮಾತುಳ್ಳವನು ವಾಗ್ಮಿ. ಬಹಳ ಮಾತುಳ್ಳವನು ವಾಚಾಲ, ಅಥವಾ ವಾಚಾಟ. ಎಲ್ಲಕ್ಕೂ ಪ್ರಕೃತಿಯು ವಾಕ್ ಎಂಬುದೊಂದೇ. ಪ್ರತ್ಯಯಗಳು ಮಾತ್ರ ಬೇರೆ. ಬಹಳವಾಗಿ ಮಾತನಾಡಿದರೂ ಸಾರವತ್ತಾಗಿ ಆಡುವವನು ವಾಗ್ಮಿಯೇ ಸರಿ, ಮಾತು ನಿಂದೆಗೆ ಪಾತ್ರವಾದಾಗಲೇ ಆತನು ವಾಚಾಲನೆನಿಸುವನು ಎಂದು ವಾರ್ತಿಕಕಾರರು ಇನ್ನಷ್ಟು ಬಿಡಿಸಿ ಹೇಳಿದರು. ಎರಡು ಸಾವಿರ ವರ್ಷಗಳಿಗೂ ಹಿಂದೆ ವೈಯಾಕರಣರು ಇಷ್ಟು ಎಚ್ಚರಿಕೆಯಿಂದ ಬೇರ್ಪಡಿಸಿಟ್ಟ ಪದಗಳನ್ನು ಚುನಾವಣೆಯ ಕಾಲದ ಸ್ವಾಗತಭಾಷಣಕಾರರು ಒಂದೇ ಗಳಿಗೆಯಲ್ಲಿ ಕಲಸಿಬಿಡುವರು. ವೇದಿಕೆಯನ್ನೇರಿದವರೆಲ್ಲರೂ ವಾಗ್ಮಿಗಳು, ಅದರಲ್ಲಿಯೂ ಪ್ರಖರ ವಾಗ್ಮಿಗಳು.

ಈ ಹೊಗಳಿಕೆಯನ್ನು ನಕ್ಕು ಬಿಟ್ಟುಬಿಡಬಹುದಾಗಿತ್ತು. ಆದರೆ ಕನ್ನಡ ಗದ್ಯದ ಪ್ರಕಾರಗಳಲ್ಲಿ ಚುನಾವಣಾ ಭಾಷಣಕ್ಕೆ ಇರುವಷ್ಟು ಶ್ರೋತೃಗಳು ಮತ್ತಾವುದಕ್ಕೂ ಇಲ್ಲ. 2023ನೆಯ ಇಸವಿ ಮೇ 10ರಂದು ಕರ್ನಾಟಕದ 224 ವಿಧಾನಸಭಾ ಸ್ಥಾನಗಳಿಗೆ ಮತದಾನ ನಡೆದಾಗ ಮತದಾರರ ಪಟ್ಟಿಯಲ್ಲಿ ಐದು ಕೋಟಿಗೆ ಮೇಲ್ಪಟ್ಟು ಹೆಸರುಗಳಿದ್ದವು. ಯಾವ ಮಹಾಕಾವ್ಯಕ್ಕೆ, ಯಾವ ಕಾದಂಬರಿಗೆ ಇಷ್ಟು ಜನ ಕಿವಿಗೊಟ್ಟಾರು? ಇಂತಹ ಗದ್ಯವನ್ನು ಅಲಂಕಾರಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡದೆ ಬಿಟ್ಟಿರುವುದು ವಿಮರ್ಶಕರ ಅಲಕ್ಷ್ಯವೆಂದೇ ಹೇಳಬೇಕು.

ದಂಡಿಯು ಕಾವ್ಯಾದರ್ಶದ ಕೊನೆಯ ಪರಿಚ್ಛೇದದಲ್ಲಿ ಹತ್ತು ದೋಷಗಳನ್ನು ಎಣಿಸಿರುವನು. ಮೊದಲನೆಯದು ಅಪಾರ್ಥ. ಬಿಡಿಬಿಡಿಯಾಗಿ ಪ್ರತಿಯೊಂದು ಪದಕ್ಕೂ ಅರ್ಥವಿದ್ದು, ಒಟ್ಟಾಗಿ ಯಾವ ಅರ್ಥವೂ ಹೊರಡದಿರುವುದೇ ಅಪಾರ್ಥ. ಮಹಾಭಾಷ್ಯಕಾರರು ಇದಕ್ಕೆ ದಾಳಿಂಬೆ, ಕಜ್ಜಾಯ, ಮೇಕೆಯ ಚರ್ಮ ಮುಂತಾದುವನ್ನು ಒಂದರ ಪಕ್ಕದಲ್ಲೊಂದು ಪೇರಿಸಿದ ಒಂದು ಪ್ರಸಿದ್ಧ ಉದಾಹರಣೆಯನ್ನು ಕೊಟ್ಟಿರುವರು. ಪಾಠಶಾಲೆಯ ಹುಡುಗರು ಅದನ್ನು ಕೇಳಿ ನಗುವುದುಂಟು. ಅದೇ ಹುಡುಗರು ಬೆಳೆದು ದೊಡ್ಡವರಾದ ಮೇಲೆ ಅಭಿವೃದ್ಧಿ, ಸ್ವಾಭಿಮಾನ, ಪರಿವರ್ತನೆ, ಯುವಶಕ್ತಿ, ನವನಿರ್ಮಾಣ ಎಂದು ಒಂದೇ ಉಸಿರಿನಲ್ಲಿ ಪೇರಿಸಿದ ಪದಗಳನ್ನು ಕೇಳಿ ಚಪ್ಪಾಳೆ ತಟ್ಟುವರು. ಕಜ್ಜಾಯದ ಮಾತಿನಲ್ಲಿ ತಿನ್ನುವ ವಸ್ತುವಾದರೂ ಒಂದಿತ್ತು. ಉನ್ಮತ್ತರು, ಕುಡಿದು ಮತ್ತರಾದವರು, ಎಳೆಯ ಮಕ್ಕಳು ಈ ಮೂವರ ಬಾಯಲ್ಲಿ ಅಪಾರ್ಥವು ದೋಷವಲ್ಲವೆಂದು ದಂಡಿಯು ವಿನಾಯಿತಿ ಕೊಟ್ಟಿರುವನು. ಅಭ್ಯರ್ಥಿಗಳನ್ನು ಆತನು ಈ ಪಟ್ಟಿಗೆ ಸೇರಿಸಲಿಲ್ಲ.

ಎರಡನೆಯದಾದ ವ್ಯರ್ಥವೆಂದರೆ ಪೂರ್ವಾಪರ ವಿರೋಧ. ಕರವನ್ನು ತಗ್ಗಿಸುವೆವು, ಸಾಲವನ್ನು ಎತ್ತುವುದಿಲ್ಲ, ಸರ್ವರಿಗೂ ಸರ್ವವನ್ನೂ ಕೊಡುವೆವು ಎಂಬ ಮೂರು ಮಾತುಗಳು ಒಂದೇ ವೇದಿಕೆಯಲ್ಲಿ ಒಂದೇ ಬಾಯಿಂದ ಹೊರಟಾಗ ವ್ಯರ್ಥಕ್ಕೆ ಬೇರೆ ಉದಾಹರಣೆ ಬೇಕಾಗದು. ಮೂರನೆಯದು ಏಕಾರ್ಥ, ಎಂದರೆ ಹೇಳಿದ್ದನ್ನೇ ಹೇಳುವುದು. ಕರುಣೆ ಮುಂತಾದ ಭಾವಾತಿಶಯವನ್ನು ತೋರಿಸಬೇಕಾದಾಗ ಇದು ದೋಷವಲ್ಲವೆಂದು ದಂಡಿಯ ಮತ. ಆದುದರಿಂದ ಮತದಾರರ ಮೇಲೆ ಒಂದು ತಿಂಗಳ ಕಾಲ ಉಕ್ಕಿಬರುವ ಕರುಣೆಯನ್ನು ನೋಡಿ ಇದೊಂದನ್ನು ಕ್ಷಮಿಸಬಹುದು. ಉಳಿದ ದೋಷಗಳ ವಿಚಾರ ವಾಚಕರ ಊಹೆಗೆ ಬಿಟ್ಟದ್ದು.

ನೈಯಾಯಿಕರ ಪರೀಕ್ಷೆ ಇನ್ನೂ ಕಠಿಣ. ವಾಕ್ಯದಿಂದ ಅರ್ಥಜ್ಞಾನವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರತಕ್ಕದ್ದು. ಚುನಾವಣಾ ವಾಕ್ಯದಲ್ಲಿ ಆಕಾಂಕ್ಷೆಗೆ ಕೊರತೆಯಿಲ್ಲ. ಶಾಸ್ತ್ರದ ಅರ್ಥದಲ್ಲಿ ಇಲ್ಲದಿದ್ದರೂ ಲೋಕದ ಅರ್ಥದಲ್ಲಿ ಧಾರಾಳವಾಗಿರುವುದು. ಯೋಗ್ಯತೆಯೆಂದರೆ ಅರ್ಥಕ್ಕೆ ಬಾಧೆಯಿಲ್ಲದಿರುವುದು. ಬೆಂಕಿಯಿಂದ ಗಿಡಕ್ಕೆ ನೀರೆರೆ ಎಂದರೆ ವ್ಯಾಕರಣವು ಸರಿಯಾಗಿದ್ದರೂ ಯೋಗ್ಯತೆಯಿಲ್ಲ. ಸನ್ನಿಧಿಯೆಂದರೆ ಪದಗಳನ್ನು ವಿಳಂಬವಿಲ್ಲದೆ ಉಚ್ಚರಿಸುವುದು. ಒಂದು ಜಾವಕ್ಕೊಂದರಂತೆ ಪದಗಳನ್ನಾಡಿದರೆ ಅದು ವಾಕ್ಯವಾಗದೆಂದು ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು. ಹಾಗಿರಲು, ಕರ್ತೃಕರ್ಮಗಳನ್ನು ಒಂದು ಚುನಾವಣೆಯಲ್ಲಿ ಉಚ್ಚರಿಸಿ ಕ್ರಿಯಾಪದವನ್ನು ಐದು ವರ್ಷಗಳ ಅನಂತರದ ಚುನಾವಣೆಗೆಂದು ಉಳಿಸಿಕೊಳ್ಳುವ ಗದ್ಯವನ್ನು ಏನೆಂದು ಕರೆಯತಕ್ಕದ್ದು? ಪಕ್ಷಗಳು ಅಚ್ಚುಹಾಕಿಸುವ ಪುಸ್ತಿಕೆಗೆ ಕನ್ನಡದಲ್ಲಿ ಪ್ರಣಾಳಿಕೆ ಎಂಬ ಹೆಸರು ರೂಢವಾಗಿರುವುದು. ಪ್ರಣಾಲವೆಂದರೆ ನೀರು ಹರಿದುಬರುವ ಕಾಲುವೆ, ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಬರುವ ಬಾಯಿ. ಹೆಸರಿಟ್ಟವರು ಒಳಗೆ ನೀರಿರುವುದೆಂದು ನಂಬಿಯೇ ಇಟ್ಟಿರಬೇಕು.

ಅರ್ಥವೆಂಬ ಪದಕ್ಕೆ ಹಣವೆಂಬ ಅರ್ಥವೂ ಉಂಟಷ್ಟೆ. ಒಂದು ಅರ್ಥವು ಎಷ್ಟು ದುರ್ಲಭವಾಯಿತೋ ಮತ್ತೊಂದು ಅರ್ಥವು ಅಷ್ಟೇ ಧಾರಾಳವಾಗಿ ವ್ಯಯವಾಗುತ್ತಿರುವುದು. 1951–52ರಲ್ಲಿ ನಡೆದ ಮೊದಲನೆಯ ಮಹಾಚುನಾವಣೆಯಲ್ಲಿ ಲೋಕಸಭೆಯ ಅಭ್ಯರ್ಥಿಗೆ ವೆಚ್ಚದ ಮಿತಿಯು ಬಹುತೇಕ ಪ್ರಾಂತಗಳಲ್ಲಿ 25,000 ರೂಪಾಯಿಗಳಾಗಿತ್ತು. 2022ರ ಜನವರಿಯಲ್ಲಿ ಇದನ್ನು ದೊಡ್ಡ ರಾಜ್ಯಗಳಲ್ಲಿ 95 ಲಕ್ಷಕ್ಕೂ, ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷಕ್ಕೂ ಏರಿಸಲಾಯಿತು. ಈ ಮೊತ್ತಗಳನ್ನು ಕೇಳಿ ಬೆಚ್ಚಬೇಕಾದುದಿಲ್ಲ. 2024ರಲ್ಲಿ ಸುಮಾರು 97 ಕೋಟಿ ಮತದಾರರು 543 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದರು. ಭಾಗಿಸಿ ನೋಡಿದರೆ ಒಬ್ಬ ಮತದಾರನಿಗೆ ಐದು ರೂಪಾಯಿಗಳ ಚಿಲ್ಲರೆ ವೆಚ್ಚ ಬೀಳುವುದು. ತನ್ನ ಹೆಸರನ್ನೂ ಅಭಿಪ್ರಾಯವನ್ನೂ ಮನೆಮನೆಗೆ ಮುಟ್ಟಿಸುವುದಕ್ಕೆ ಇಷ್ಟನ್ನಾದರೂ ವೆಚ್ಚಮಾಡದೆ ವಿಧಿಯಿಲ್ಲ. ಚುನಾವಣೆಗೆ ಹಣವೇ ಕೂಡದೆನ್ನುವವರು ಅಂಚೆಗೆ, ಅಚ್ಚಿಗೆ, ಬಂಡಿಗೆ ಬಾಡಿಗೆ ಕೊಟ್ಟವರಲ್ಲ.

ಆದರೆ ಮಿತಿಯೊಳಗಣ ವೆಚ್ಚವು ನೀರಿನ ಮೇಲೆ ಕಾಣುವ ಬಂಡೆಯ ತುದಿ. 2023ರ ಕರ್ನಾಟಕದ ಚುನಾವಣೆಯ ಕಾಲದಲ್ಲಿ ನಗದು, ಮದ್ಯ, ಮಾದಕವಸ್ತು, ಚಿನ್ನ ಬೆಳ್ಳಿ, ಹಂಚಲು ತಂದ ಉಡುಗೊರೆಗಳು ಎಲ್ಲವೂ ಸೇರಿ ಅಧಿಕಾರಿಗಳು ಹಿಡಿದ ಮಾಲಿನ ಬೆಲೆ ಸುಮಾರು 375 ಕೋಟಿ ರೂಪಾಯಿ. 224 ಕ್ಷೇತ್ರಗಳಲ್ಲಿಯೂ ಒಬ್ಬೊಬ್ಬ ಅಭ್ಯರ್ಥಿ ತನ್ನ 40 ಲಕ್ಷವನ್ನು ಪೂರ್ತಿಯಾಗಿ ವೆಚ್ಚಮಾಡಿದರೂ ಒಟ್ಟು 90 ಕೋಟಿಯನ್ನು ಮುಟ್ಟದು. ಎಂದರೆ ಪ್ರತಿ ಕ್ಷೇತ್ರದಲ್ಲಿಯೂ ನಾಲ್ವರು ಅಭ್ಯರ್ಥಿಗಳು ನ್ಯಾಯವಾಗಿ ವೆಚ್ಚಮಾಡಬಹುದಾದಷ್ಟು ಮೊತ್ತವು ಬರಿಯ ಸಿಕ್ಕಿಬಿದ್ದ ಮಾಲಿನಿಂದಲೇ ಆಗುವುದು. ಸಿಕ್ಕದೆ ಹೋದದ್ದಕ್ಕೆ ಲೆಕ್ಕವಿಟ್ಟವರು ಯಾರು?

ಕಾಯಿದೆಯಲ್ಲಿಯೂ ಒಂದು ಕಂಡಿ ಬಹುಕಾಲ ತೆರೆದೇ ಇದ್ದಿತು. ಪಕ್ಷವು ಅಭ್ಯರ್ಥಿಗಾಗಿ ಮಾಡಿದ ವೆಚ್ಚವನ್ನೂ ಆತನ ಲೆಕ್ಕಕ್ಕೆ ಸೇರಿಸಬೇಕೆಂದು 1974ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕನ್ವರಲಾಲ್ ಗುಪ್ತರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಮಸಿ ಆರುವ ಮೊದಲೇ, ಅದೇ ತಿಂಗಳಿನಲ್ಲಿ, ಸುಗ್ರೀವಾಜ್ಞೆಯೊಂದು ಹೊರಟು ಪಕ್ಷದ ವೆಚ್ಚವು ಲೆಕ್ಕಕ್ಕೆ ಸೇರದಂತೆ ಮಾಡಿತು. 2003ರ ತಿದ್ದುಪಡಿಯು ಈ ಕಂಡಿಯನ್ನು ಬಹುಮಟ್ಟಿಗೆ ಮುಚ್ಚಿ, ಪಕ್ಷದ ಪ್ರಮುಖ ಪ್ರಚಾರಕರ ಪ್ರಯಾಣದ ವೆಚ್ಚಕ್ಕೆ ಮಾತ್ರ ವಿನಾಯಿತಿಯನ್ನು ಉಳಿಸಿತು. ಆದರೆ ಪಕ್ಷವು ತನ್ನ ಸ್ವಂತ ಹೆಸರಿನಲ್ಲಿ ಮಾಡುವ ವೆಚ್ಚಕ್ಕೆ ಮಿತಿಯನ್ನು ಯಾರೂ ವಿಧಿಸಲಿಲ್ಲ. ಅಲ್ಲದೆ, ಅಭ್ಯರ್ಥಿಯ ಲೆಕ್ಕವು ಆರಂಭವಾಗುವುದು ನಾಮಪತ್ರದ ದಿನದಿಂದ. ಅದಕ್ಕೆ ಮುಂಚಿನ ಮೆರವಣಿಗೆಗಳೆಲ್ಲವೂ ಆ ಲೆಕ್ಕದ ದೃಷ್ಟಿಯಲ್ಲಿ ನಡೆಯಲೇ ಇಲ್ಲ.

2023ರ ಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ಕರ್ನಾಟಕದ ಊರೂರುಗಳಲ್ಲಿ ಕ್ರೇನಿನಿಂದ ಎತ್ತಿಹಿಡಿದ ಸೇಬಿನ ಹಾರಗಳನ್ನು ಕಂಡವರು ಇದನ್ನು ಬಲ್ಲರು. ಯಾವ ಮನುಷ್ಯನ ಕೊರಳೂ ತಾಳಲಾರದ ಹಾರವದು. ಆದಕಾರಣ ಯಂತ್ರದ ಕೊರಳಿಗೇ ಅದನ್ನು ತೊಡಿಸಿ, ನಾಯಕರು ಕೆಳಗೆ ವಾಹನದ ಮೇಲೆ ನಿಂತು ಕೈಮುಗಿಯುವರು. ವಾಹನವು ಮುಂದೆ ಸರಿದೊಡನೆ ಜನರು ಹಾರಕ್ಕೆ ಮುಗಿಬಿದ್ದು ಹಣ್ಣುಗಳನ್ನು ಕಿತ್ತುಕೊಳ್ಳುವರು. ಅವರನ್ನು ಹಳಿಯತಕ್ಕದ್ದಲ್ಲ. ಆ ದಿನದ ಸಭೆಯಲ್ಲಿ ಮನೆಗೆ ಕೊಂಡೊಯ್ಯಲು ಯೋಗ್ಯವಾದುದು ಅದೊಂದೇ ಆಗಿದ್ದಿರಬೇಕು. ಧನವ್ಯಯವನ್ನೂ ಶಬ್ದಾಡಂಬರವನ್ನೂ ಎರಡು ಬೇರೆ ಬೇರೆ ವ್ಯಾಧಿಗಳೆಂದು ವಿದ್ಯಾವಂತರು ಎಣಿಸುವುದುಂಟು. ಹಾರವನ್ನು ನೋಡಿದರೆ ಅವು ಒಂದೇ ವ್ಯಾಧಿಯ ಎರಡು ಮುಖಗಳೆಂದು ತಿಳಿಯುವುದು. ಹೇಳಬೇಕಾದ ವಿಷಯವಿದ್ದವನ ಸುತ್ತ ಜನರು ತಾವಾಗಿ ನೆರೆಯುವರು. ಅದಿಲ್ಲದವನು ನೆರವಿಯನ್ನು ಬಾಡಿಗೆಗೆ ತರಬೇಕು. ಬಾಡಿಗೆಗೆ ಬಂದ ನೆರವಿಯು ವಿಷಯವನ್ನು ಕೇಳುವುದಿಲ್ಲವಾದುದರಿಂದ ಮುಂದಿನ ಸಲ ವಿಷಯವು ಇನ್ನೂ ಕಡಮೆಯಾಗುವುದು, ಬಾಡಿಗೆಯು ಇನ್ನೂ ಹೆಚ್ಚುವುದು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಮಲೆನಾಡಿನಲ್ಲಿಯೇ ಸಾಕ್ಷಿಯುಂಟು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ವ್ಯಾಜ್ಯದ ಮೂಲ, ಗೇಣಿಯ ಭತ್ತವನ್ನು ಅಳೆಯುವ ಕೊಳಗವು ಎಷ್ಟು ದೊಡ್ಡದಿರಬೇಕೆಂಬುದು. ಮರುವರ್ಷದ ಚುನಾವಣೆಯಲ್ಲಿ ಆ ಸೀಮೆಯಿಂದ ಮೈಸೂರು ವಿಧಾನಸಭೆಗೆ ಆರಿಸಿಬಂದವರು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು. ಅವರಲ್ಲಿ ಹಣವಿರಲಿಲ್ಲ, ಮತದ ಜೊತೆಗೆ ಒಂದು ನೋಟನ್ನೂ ಮತದಾರರಿಂದಲೇ ಬೇಡಿದ ಅವರ ರೀತಿ ನಾಡಿನಲ್ಲೆಲ್ಲ ಪ್ರಸಿದ್ಧ. ಇಂದು ಮತದಾರನ ಕಡೆಗೆ ಹರಿಯುವ ನೋಟು ಅಂದು ಆತನ ಕೈಯಿಂದ ಹೊರಟಿತು. ಹೇಗೆ ಸಾಧ್ಯವಾಯಿತೆಂದರೆ, ಕೊಳಗವೆಂಬ ಪದವು ವೇದಿಕೆಯಿಂದ ಬಂದಾಗ ಕೇಳಿದವನ ಕಣ್ಣ ಮುಂದೆ ತನ್ನ ಕಣದ ಕೊಳಗವೇ ನಿಲ್ಲುತ್ತಿದ್ದಿತು. ಉಳುವವನಿಗೆ ಭೂಮಿಯೆಂಬ ಆ ಮಾತು ಕಾಯಿದೆಯ ರೂಪವನ್ನು ಪೂರ್ಣವಾಗಿ ತಳೆದದ್ದು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ. ಗೋಪಾಲಗೌಡರು ಅದಕ್ಕೆ ಎರಡು ವರ್ಷ ಮೊದಲೇ, 1972ರಲ್ಲಿ, ತೀರಿಕೊಂಡಿದ್ದರು.

ಅರ್ಥವುಳ್ಳ ಮಾತು ಯಾವಾಗಲೂ ಗೆಲ್ಲುವುದೆಂದು ಇದರಿಂದ ಭ್ರಮಿಸಬಾರದು. 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಶಿವರಾಮ ಕಾರಂತರು ಉತ್ತರ ಕನ್ನಡದ ಲೋಕಸಭಾ ಸ್ಥಾನಕ್ಕೆ ನಿಂತರು. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವು ಕೂಡದೆಂಬ ಸ್ಪಷ್ಟವಾದ ವಿಷಯವಿದ್ದಿತು. ಹೇಳಿದವರಾದರೋ ಜ್ಞಾನಪೀಠ ಪುರಸ್ಕೃತರು. ಅವರು ಸೋತರು, ಸ್ಥಾವರವು ಎದ್ದಿತು. ಅವರ ಪಕ್ಷವು ಸರಿಯೋ ತಪ್ಪೋ, ಅದಿರಲಿ. ಆ ಸೋಲಿನಲ್ಲಿ ಮತದಾರನು ಒಂದು ಪ್ರಶ್ನೆಗೆ ಇಲ್ಲವೆಂದು ಉತ್ತರ ಕೊಟ್ಟನು. ಪ್ರಶ್ನೆಯೇ ಇಲ್ಲದ ಕಡೆ ಗೆದ್ದವನಿಗೂ ಸೋತವನಿಗೂ ಮತದಾರನು ಏನನ್ನು ಹೇಳಿದನೆಂಬುದು ತಿಳಿಯುವ ಬಗೆಯಿಲ್ಲ.

ನಷ್ಟವು ಬೊಕ್ಕಸದ್ದೆಂದೂ ಪಕ್ಷಗಳದ್ದೆಂದೂ ತಿಳಿದು ವಿದ್ಯಾವಂತ ಕುಟುಂಬಗಳು ಸುಮ್ಮನಿರುವುವು. ಶಾಲೆಗಳ ಭಾಷಣಸ್ಪರ್ಧೆಗೆ ಒಮ್ಮೆ ಹೋಗಿ ಕುಳಿತರೆ ಸಾಕು. ಹತ್ತು ಹನ್ನೆರಡು ವರ್ಷದ ಬಾಲಕನು ಕೈಯನ್ನೆತ್ತಿ, ಗಂಟಲನ್ನು ಉಬ್ಬಿಸಿ, ವಾಕ್ಯದ ಕೊನೆಯಲ್ಲಿ ಚಪ್ಪಾಳೆಗೆಂದು ನಿಲ್ಲುವುದನ್ನು ಎಲ್ಲಿ ಕಲಿತನು? ಕೆರೆಯ ಹೂಳನ್ನು ಕುರಿತು ಮಾತನಾಡೆಂದರೆ ಆತನು ಕೆರೆಯ ಹೆಸರನ್ನು ಹೇಳುವುದಿಲ್ಲ, ಹೂಳು ಎಷ್ಟು ಅಡಿ ತುಂಬಿದೆಯೆಂಬುದನ್ನು ಹೇಳುವುದಿಲ್ಲ. ಜಲವೇ ಜೀವನವೆಂದು ಮೂರು ಸಲ ಕೂಗುವನು. ತೀರ್ಪುಗಾರರು ಬಹುಮಾನವನ್ನು ಕೊಡುವರು, ತಂದೆತಾಯಿಗಳು ಹಿಗ್ಗುವರು.

ಪರಿಹಾರವಿಲ್ಲದಿಲ್ಲ. ಮಿಜೋರಮಿನಲ್ಲಿ ಅಲ್ಲಿನ ಚರ್ಚುಗಳ ಆಶ್ರಯದಿಂದ 2006ರಲ್ಲಿ ಹುಟ್ಟಿದ ಜನವೇದಿಕೆಯೊಂದು ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆದು, ಒಂದೇ ಸಭಿಕರ ಮುಂದೆ ಸರದಿಯಂತೆ ಮಾತನಾಡಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿತು. ಪಕ್ಕದಲ್ಲಿಯೇ ಪ್ರತಿವಾದಿಯು ಕುಳಿತಿರಲು ಪೂರ್ವಾಪರ ವಿರೋಧಕ್ಕೆ ಧೈರ್ಯ ಸಾಲದು. ಹಾರಕ್ಕೂ ಕ್ರೇನಿಗೂ ಅಲ್ಲಿ ಎಡೆಯಿಲ್ಲ. ಜಿಲ್ಲೆಯ ಸಾಹಿತ್ಯ ಸಂಘಗಳು ಇದನ್ನು ತಮ್ಮ ಸಭಾಮಂದಿರಗಳಲ್ಲಿ ಮಾಡಲಾರವೇ? ಕವಿಗೋಷ್ಠಿಗಿಂತ ವೆಚ್ಚವು ಹೆಚ್ಚಾಗದು.

ಅಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮೀಮಾಂಸಕರು ಎಂದೋ ಗೊತ್ತುಮಾಡಿರುವರು. ವಿಧಿವಾಕ್ಯವು ಮೂರಕ್ಕೆ ಉತ್ತರ ಹೇಳಬೇಕು: ಯಾವುದನ್ನು, ಯಾವುದರಿಂದ, ಹೇಗೆ. ಉಳಿದ ಹೊಗಳಿಕೆಯೆಲ್ಲ ಅರ್ಥವಾದ. ವಿಧಿಗೆ ಅಂಗವಾದಾಗ ಮಾತ್ರ ಅದಕ್ಕೆ ಬೆಲೆ. 2023ರಲ್ಲಿ ತಿಂಗಳಿಗೆ 200 ಯೂನಿಟ್ಟು ವಿದ್ಯುತ್ತು, 2,000 ರೂಪಾಯಿ ಎಂದು ಅಳತೆಯನ್ನಿಟ್ಟು ಆಡಿದ ಮಾತುಗಳು, ಅವುಗಳನ್ನು ಒಪ್ಪಲಿ ಬಿಡಲಿ, ವಾಕ್ಯವಾಗಿ ನವನಿರ್ಮಾಣಕ್ಕಿಂತ ಮೇಲು. ಯಾವುದನ್ನು ಎಂಬುದಕ್ಕೆ ಅಲ್ಲಿ ಉತ್ತರವಿದ್ದಿತು. ಯಾವುದರಿಂದ ಎಂಬ ಪ್ರಶ್ನೆಯನ್ನು ಎಲ್ಲ ಪಕ್ಷಗಳಿಗೂ ಚುನಾವಣಾ ಆಯೋಗವು ಕೇಳಿಯೇ ಇರುವುದು. ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪನ್ನು ಅನುಸರಿಸಿ, ಪ್ರಣಾಳಿಕೆಯ ಆಶ್ವಾಸನೆಗಳಿಗೆ ಕಾರಣವನ್ನೂ ಹಣದ ಮೂಲವನ್ನೂ ಸ್ಥೂಲವಾಗಿ ತಿಳಿಸಬೇಕೆಂಬ ನಿಯಮವನ್ನು ಅದು 2014ರಲ್ಲಿ ಆದರ್ಶ ನೀತಿಸಂಹಿತೆಗೆ ಸೇರಿಸಿತು. 2022ರ ಅಕ್ಟೋಬರಿನಲ್ಲಿ ಇದಕ್ಕೊಂದು ನಮೂನೆಯನ್ನೇ ಸಿದ್ಧಪಡಿಸಿ ಪಕ್ಷಗಳ ಅಭಿಪ್ರಾಯವನ್ನು ಬೇಡಿತು. ಇದು ಆಯೋಗದ ಅಧಿಕಾರದ ಹೊರಗಿನ ಕೆಲಸವೆಂದು ಹಲವು ಪಕ್ಷಗಳು ಆಕ್ಷೇಪಿಸಿದುವು. ಆ ಆಕ್ಷೇಪಣೆಯ ವಾಕ್ಯದಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಸರಿಯಾಗಿದ್ದುವು.